ಕಪ್ಪು ಬಿಯರಿನಲ್ಲಿ ಲವಂಗ ಹುಡುಕುವ ಮುನ್ನ

ನವೆಂಬರ್ ಮುಗಿಯುವ ಹೊತ್ತಿಗೆ ಬೆಲ್ಜಿಯಂನ ಅಂಗಡಿಗಳಲ್ಲಿ ಬಿಯರ್ ಕಪಾಟಿನ ಮುಂದಿನ ಸಾಲು ಕ್ರಿಸ್‌ಮಸ್ ಬಿಯರುಗಳ ಪಾಲಾಗುತ್ತದೆ. ಹೆಚ್ಚಿನವು ಗಾಢ ಕಂದು ಬಣ್ಣದ ಏಲ್‌ಗಳು, ಎಂದರೆ ತುಸು ಬೆಚ್ಚಗಿನ ತಾಪದಲ್ಲಿ ಹುದುಗಿಸಿದ ಬಿಯರುಗಳು. ಮದ್ಯಸಾರ ಶೇ. 8ರಿಂದ 12. ಗ್ಲಾಸಿಗೆ ಸುರಿದು ಮೂಗಿನ ಹತ್ತಿರ ತಂದರೆ ಒಣದ್ರಾಕ್ಷಿ, ಅಂಜೂರ, ಬೆಲ್ಲದ ಪಾಕ. ಅದರ ಹಿಂದೆಯೇ ಲವಂಗವೋ ಚಕ್ಕೆಯೋ ಸೋಂಪೋ. ಮೆಖೆಲೆನ್ ಊರಿನ ಹೆಟ್ ಆಂಕರ್ ಬ್ರೂವರಿಯ ‘ಗೌಡೆನ್ ಕರೋಲಸ್ ಕ್ರಿಸ್‌ಮಸ್’ ಇವುಗಳಲ್ಲಿ ಹೆಸರಾದದ್ದು. ಅದರ ಮದ್ಯಸಾರ ಶೇ. 10.5. ಅದಕ್ಕೆ ಬೀಳುವುದು ಆರು ಬಗೆಯ ಮೂಲಿಕೆ, ಮಸಾಲೆಗಳು.

ನಾನು ಇರುವುದು ಲೂವೆನ್‌ನಲ್ಲಿ. ಬಿಯರ್ ರುಚಿ ನೋಡುವ ಕೂಟಗಳನ್ನು ನಡೆಸುವುದು, ಬ್ರೂವರಿಗಳು ಕರೆದಾಗ ಅವರ ರುಚಿ ಪರೀಕ್ಷಕರ ಜೊತೆ ಕೂರುವುದು ನನ್ನ ಕಸುಬು. ಓದಲೆಂದು, ಕೆಲಸಕ್ಕೆಂದು ಬಂದ ಕನ್ನಡದವರೂ ಈ ಕೂಟಗಳಿಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ‘ಇದರಲ್ಲಿ ಏನೇನು ಹಾಕಿದ್ದಾರೆ?’ ಎಂದು. ಈ ಬಿಯರಿನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಹಾಕಿದ್ದು ಯಾವುದು, ಯೀಸ್ಟ್ ಹುಟ್ಟಿಸಿದ್ದು ಯಾವುದು, ಸಕ್ಕರೆ ಕಾಯಿಸಿದಾಗ ಬಂದದ್ದು ಯಾವುದು, ಬಾಟಲಿಯಲ್ಲಿ ವರ್ಷ ಕಳೆದು ಕೂಡಿಕೊಂಡದ್ದು ಯಾವುದು? ಇಷ್ಟನ್ನು ಬಿಡಿಸಿಕೊಂಡರೆ ಬಿಯರಿನ ಗುಣದೋಷ ತಾನಾಗಿ ತಿಳಿಯುತ್ತದೆ. ಕೆಳಗಿನ ಪಾಠಗಳೆಲ್ಲ ಆ ಬಿಡಿಸುವ ಕೆಲಸಕ್ಕೇ ಸಂಬಂಧಪಟ್ಟವು.

1. ಲವಂಗದ ವಾಸನೆ ಬಂದ ಮಾತ್ರಕ್ಕೆ ಲವಂಗ ಹಾಕಿರಬೇಕೆಂದಿಲ್ಲ

ಮಾಲ್ಟಿನಲ್ಲಿ ಫೆರುಲಿಕ್ ಆಮ್ಲ ಎಂಬುದೊಂದಿರುತ್ತದೆ. ಬೆಲ್ಜಿಯಂನ ಹಲವು ಯೀಸ್ಟ್ ತಳಿಗಳು ಅದನ್ನು 4-ವಿನೈಲ್ ಗ್ವಾಯಕಾಲ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ಅದರ ವಾಸನೆ ಹೆಚ್ಚೂಕಡಿಮೆ ಲವಂಗದ್ದೇ. ಅದೇ ಯೀಸ್ಟ್ ಐಸೊಅಮೈಲ್ ಅಸಿಟೇಟ್ ಹುಟ್ಟಿಸಿದರೆ ಬಾಳೆಹಣ್ಣು ಕಳಿತ ವಾಸನೆ ಬರುತ್ತದೆ. ಬಾಳೆಯನ್ನೂ ಯಾರೂ ಹಾಕಿರುವುದಿಲ್ಲ, ಲವಂಗವನ್ನೂ ಹಾಕಿರುವುದಿಲ್ಲ.

ಫ್ಲಾಂಡರ್ಸ್‌ನ ಸಿಂಟ್ ಸಿಕ್ಸ್‌ಟಸ್ ಮಠದ ಸನ್ಯಾಸಿಗಳು ತಯಾರಿಸುವ ವೆಸ್ಟ್‌ವ್ಲೆಟರೆನ್ 12 ಇದಕ್ಕೆ ಒಳ್ಳೆಯ ಉದಾಹರಣೆ. ಶೇ. 10.2 ಮದ್ಯಸಾರದ ಆ ಬಿಯರನ್ನು ಮೂಸಿದವರು ಒಣದ್ರಾಕ್ಷಿ, ಅಂಜೂರ, ಪ್ಲಮ್, ಲವಂಗ ಎಂದು ಸಾಲುಸಾಲಾಗಿ ಬರೆಯುತ್ತಾರೆ. ಅದರಲ್ಲಿರುವುದು ನೀರು, ಮಾಲ್ಟ್, ಹಾಪ್ಸ್, ಸಕ್ಕರೆ, ಯೀಸ್ಟ್ ಅಷ್ಟೇ. ಇನ್ನೊಂದು ಮಠದ ರೋಶ್‌ಫೋರ್ 10 (ಶೇ. 11.3) ಮೂಗಿಗೆ ಅದರ ಹತ್ತಿರದ ನೆಂಟನೇ. ಆದರೆ ಅದಕ್ಕೆ ನಿಜವಾಗಿಯೂ ಕೊತ್ತಂಬರಿ ಬೀಜ ಬೀಳುತ್ತದೆ.

ಯೀಸ್ಟಿನ ಲವಂಗಕ್ಕೂ ಡಬ್ಬಿಯ ಲವಂಗಕ್ಕೂ ವ್ಯತ್ಯಾಸ ಗೊತ್ತಾಗುವುದು ಬಾಯಲ್ಲಿ. ಯೀಸ್ಟಿನದು ಮೂಗಿಗೆ ಜೋರಾಗಿ ಬಂದು, ಸಣ್ಣಗೆ ಹೊಗೆಯ, ಮೆಣಸಿನ ಸುಳಿವು ಕೊಟ್ಟು, ನುಂಗಿದ ಮೇಲೆ ಬೇಗ ಮರೆಯಾಗುತ್ತದೆ. ನಿಜವಾದ ಲವಂಗದಲ್ಲಿ ಯೂಜಿನಾಲ್ ಇದೆ. ಹಲ್ಲುನೋವಿಗೆ ಲವಂಗದೆಣ್ಣೆ ಹಚ್ಚಿದಾಗ ಒಸಡು ಜೋಮು ಹಿಡಿಯುತ್ತದಲ್ಲ, ಆ ಕೆಲಸ ಮಾಡುವುದು ಅದೇ. ಬಿಯರ್ ನುಂಗಿದ ಮೇಲೆ ನಾಲಿಗೆಯ ತುದಿ ತುಸು ಮರಗಟ್ಟಿದ ಹಾಗಾದರೆ ಲವಂಗ ಹಾಕಿದ್ದಾರೆ ಎಂದು ಬರೆದುಕೊಳ್ಳಿ.

ಲೇಬಲ್ ನೋಡಿದರೆ ಮುಗಿಯಿತಲ್ಲ ಎನ್ನಬಹುದು. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಮದ್ಯಸಾರ ಶೇ. 1.2 ದಾಟಿದ ಬಿಯರುಗಳಿಗೆ ಪದಾರ್ಥಗಳ ಪೂರ್ತಿ ಪಟ್ಟಿ ಕಡ್ಡಾಯವಲ್ಲ, ಅಲರ್ಜಿ ತರುವಂಥವನ್ನು ಮಾತ್ರ ಹೇಳಲೇಬೇಕು. ಎಷ್ಟೋ ಬ್ರೂವರಿಗಳು ತಾವಾಗಿಯೇ ಪಟ್ಟಿ ಹಾಕುತ್ತವೆ. ಕೆಲವು ‘ಮಸಾಲೆಗಳು’ ಎಂದಷ್ಟೇ ಬರೆದು ಸುಮ್ಮನಾಗುತ್ತವೆ. ಆದ್ದರಿಂದ ಮೂಗು, ನಾಲಿಗೆ ಎರಡನ್ನೂ ಪಳಗಿಸಿಕೊಳ್ಳದೆ ಗತಿಯಿಲ್ಲ.

2. ಬಣ್ಣ ನೋಡಿ ಕಾಫಿಯ ಕಹಿ ನಿರೀಕ್ಷಿಸಬೇಡಿ

ಸ್ಟೌಟ್ ಕಪ್ಪಾಗುವುದು ಚೆನ್ನಾಗಿ ಹುರಿದ ಬಾರ್ಲಿಯಿಂದ, ಹಾಗಾಗಿ ಅದರಲ್ಲಿ ಕಾಫಿ, ಸೀದ ಬ್ರೆಡ್ಡಿನ ರುಚಿ. ಬೆಲ್ಜಿಯಂನ ಗಾಢ ಏಲ್‌ಗೆ ಬಣ್ಣ ಬರುವುದು ಬಹುಮಟ್ಟಿಗೆ ಕಪ್ಪಗೆ ಕಾಯಿಸಿದ ಸಕ್ಕರೆ ಪಾಕದಿಂದ. ಇಲ್ಲಿ ಅದಕ್ಕೆ ಕ್ಯಾಂಡಿ ಸಿರಪ್ ಎನ್ನುತ್ತಾರೆ. ಜೊತೆಗೆ ‘ಸ್ಪೆಷಲ್ ಬಿ’ಯಂಥ ಮಾಲ್ಟ್ ಸೇರಿದರೆ ಒಣದ್ರಾಕ್ಷಿಯ ಘಮ ಸಿದ್ಧ. ಪಾಕದಲ್ಲಿನ ಸಕ್ಕರೆಯ ಬಹುಪಾಲನ್ನು ಯೀಸ್ಟ್ ತಿಂದು ಮುಗಿಸುವುದರಿಂದ ಸಿಹಿ ಹೋಗಿ, ಬಣ್ಣವೂ ಕಂಪೂ ಉಳಿಯುತ್ತವೆ. ಇಷ್ಟು ಗಟ್ಟಿ ಬಿಯರ್ ಗಂಟಲಲ್ಲಿ ಹಗುರವಾಗಿ ಇಳಿಯುವುದಕ್ಕೂ ಇದೇ ಕಾರಣ. ಮಲೆನಾಡಿನ ಜೋನಿಬೆಲ್ಲದ ವಾಸನೆ ತಿಳಿದವರು ಈ ಪಾಕದ ಗುರುತನ್ನು ಇಲ್ಲಿಯವರಿಗಿಂತ ಬೇಗ ಹಿಡಿಯುತ್ತಾರೆ.

3. ಫ್ರಿಜ್ಜಿನಿಂದ ತೆಗೆದ ತಕ್ಷಣ ತೀರ್ಪು ಕೊಡಬೇಡಿ

ನಾಲ್ಕೈದು ಡಿಗ್ರಿ ತಂಪಿನಲ್ಲಿ ಮಸಾಲೆ ಮಲಗಿರುತ್ತದೆ. ಸಿಹಿ ಕಾಣುವುದಿಲ್ಲ, ಕಹಿ ಮತ್ತು ಗ್ಯಾಸ್ ಮಾತ್ರ ಮುಂದೆ ನಿಲ್ಲುತ್ತವೆ. ಈ ಜಾತಿಯ ಬಿಯರಿಗೆ ಹಿತವಾದ ತಾಪ 10ರಿಂದ 14 ಡಿಗ್ರಿ. ಬಾಟಲಿಯನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ನಾನಂತೂ ತುಸು ತಂಪಾಗಿರುವಾಗಲೇ ಶುರು ಮಾಡಿ, ಗ್ಲಾಸನ್ನು ಅಂಗೈಯಲ್ಲಿ ಹಿಡಿದು, ಬೆಚ್ಚಗಾಗುತ್ತ ಹೋದಂತೆ ಮತ್ತೆಮತ್ತೆ ಮೂಸಿ ಬರೆದುಕೊಳ್ಳುತ್ತೇನೆ. ಒಳ್ಳೆಯ ಬಿಯರಿನಲ್ಲಿ ಮೊದಲು ಸಕ್ಕರೆ ಪಾಕ, ಆಮೇಲೆ ಹಣ್ಣು, ಕೊನೆಗೆ ಮಸಾಲೆ ಎಂದು ಒಂದೊಂದಾಗಿ ಏಳುತ್ತವೆ. ಕೆಟ್ಟದ್ದರಲ್ಲಿ ಬೆಚ್ಚಗಾದಂತೆ ಸ್ಪಿರಿಟ್ಟಿನ ಘಾಟು ಎದ್ದು ಉಳಿದದ್ದನ್ನೆಲ್ಲ ಮುಚ್ಚುತ್ತದೆ. ತಂಪಿನಲ್ಲಿ ಅಡಗಿದ್ದ ದೋಷ ಹೊರಬೀಳುವುದು ಇಲ್ಲೇ.

ಗ್ಲಾಸ್ ಹೊಟ್ಟೆ ಅಗಲವಾಗಿ, ಬಾಯಿ ಕಿರಿದಾಗಿರಲಿ. ಎಣ್ಣೆಯ ಜಿಡ್ಡು ಒಂದು ಚೂರಿದ್ದರೂ ನೊರೆ ಕುಸಿಯುತ್ತದೆ. ಇಂಥ ಬಿಯರುಗಳಲ್ಲಿ ಬಹುತೇಕ ಬಾಟಲಿಯೊಳಗೇ ಮತ್ತೊಮ್ಮೆ ಹುದುಗುತ್ತವೆ, ಹಾಗಾಗಿ ಬುಡದಲ್ಲಿ ಯೀಸ್ಟಿನ ಗಸಿ ಇರುತ್ತದೆ. ಒಂದು ಬೆರಳಷ್ಟು ಬಿಯರನ್ನು ಬಾಟಲಿಯಲ್ಲೇ ಉಳಿಸಿ ತಿಳಿಯನ್ನು ಮಾತ್ರ ಸುರಿಯಿರಿ. ಆಮೇಲೆ ಗಸಿಯನ್ನು ಬೇರೆ ಗ್ಲಾಸಿಗೆ ಹಾಕಿ ನೋಡಿ. ಮಸಾಲೆ ಎಂದುಕೊಂಡದ್ದರಲ್ಲಿ ಯೀಸ್ಟಿನ ಪಾಲೆಷ್ಟು ಎಂದು ಅಲ್ಲಿ ತಿಳಿಯುತ್ತದೆ.

ಇದಕ್ಕೆ ಹೊರತಾದ ಒಂದು ಬಗೆಯೂ ಇದೆ. ಔಡೆನಾರ್ಡೆಯ ಲೀಫ್‌ಮನ್ಸ್ ಬ್ರೂವರಿಯ ಗ್ಲೂಕ್ರೀಕ್ ಎಂಬ ಚೆರಿ, ಮಸಾಲೆಯ ಬಿಯರನ್ನು ಬಿಸಿ ಮಾಡಿಯೇ ಕುಡಿಯುತ್ತಾರೆ. ಬಿಸಿಯಾದಾಗ ಮದ್ಯಸಾರದ ಆವಿ ನೇರ ಮೂಗಿಗೆ ಹೊಡೆಯುತ್ತದೆ. ಗ್ಲಾಸನ್ನು ತುಸು ದೂರ ಹಿಡಿದು ಮೂಸಿ.

4. ಮೂಗನ್ನು ಅಡುಗೆಮನೆಯಲ್ಲಿ ಪಳಗಿಸಿ

ರುಚಿ ಪರೀಕ್ಷಕರ ಬಳಿ ಬಿಯರ್ ಸುವಾಸನೆಗಳ ಚಕ್ರ ಎಂಬ ಚಿತ್ರಪಟ ಇರುತ್ತದೆ. ಡೆನ್ಮಾರ್ಕಿನ ಮಾರ್ಟೆನ್ ಮೈಲ್‌ಗಾರ್ಡ್ 1970ರ ದಶಕದಲ್ಲಿ ರೂಪಿಸಿದ್ದು, ಇಂದಿಗೂ ಬಳಕೆಯಲ್ಲಿದೆ. ಅದನ್ನು ಕಲಿಯಬೇಕು, ನಿಜ. ಆದರೆ ಕನ್ನಡದವರು ಶುರು ಮಾಡಬೇಕಾದದ್ದು ನಮ್ಮದೇ ಮಾತುಗಳಿಂದ. ಘಮ, ಕಂಪು, ಘಾಟು, ಸೀದದ್ದು, ಮುಗ್ಗಲು, ಕಮಟು, ಹಸಿ ವಾಸನೆ, ಒಗರು: ಒಂದೊಂದೂ ಒಂದು ಖಚಿತವಾದ ಅನುಭವದ ಹೆಸರು. ಹಳತಾದ ಬಿಯರಿನ ತೇವದ ವಾಸನೆಯನ್ನು ಹೇಳಲು ‘ಮುಗ್ಗಲು’ ಎಂಬುದಕ್ಕಿಂತ ಚೊಕ್ಕವಾದ ಮಾತು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಯಾವ ಭಾಷೆಯಲ್ಲಿ ಮೊದಲು ಹೊಳೆಯುತ್ತದೋ ಆ ಭಾಷೆಯಲ್ಲೇ ಬರೆದುಕೊಳ್ಳಿ.

ಅಭ್ಯಾಸಕ್ಕೆ ನಾನು ಹೇಳಿಕೊಡುವ ವಿಧಾನ ಸರಳ. ರುಚಿ ಕಡಿಮೆ ಇರುವ ಸಾದಾ ಲಾಗರ್ ಬಿಯರನ್ನು ಸಣ್ಣ ಗ್ಲಾಸುಗಳಿಗೆ ಹಂಚಿ. ಒಂದಕ್ಕೆ ಒಂದು ಲವಂಗ, ಇನ್ನೊಂದಕ್ಕೆ ಚಕ್ಕೆಯ ಚೂರು, ಮತ್ತೊಂದಕ್ಕೆ ಜಜ್ಜಿದ ಕೊತ್ತಂಬರಿ, ಹೀಗೆ ಕಿತ್ತಳೆ ಸಿಪ್ಪೆ, ಸೋಂಪು, ಶುಂಠಿ. ಮುಚ್ಚಿಟ್ಟು ಒಂದು ಗಂಟೆ ಬಿಡಿ. ಮನೆಯವರೊಬ್ಬರು ಗ್ಲಾಸುಗಳ ಜಾಗ ಅದಲುಬದಲು ಮಾಡಲಿ, ನೀವು ಕಣ್ಣು ಮುಚ್ಚಿ ಮೂಸಿ ಹೆಸರಿಸಿ. ಇದು ಸಲೀಸಾದ ಮೇಲೆ ಮೂರು ಗ್ಲಾಸಿನ ಪರೀಕ್ಷೆಗೆ ಬನ್ನಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಮಾತ್ರ ಬೇರೆ. ಬೇರೆ ಯಾವುದೆಂದು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸಲದ ಗೆಲುವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೂಸುವಾಗ ಉದ್ದಕ್ಕೆ ಎಳೆಯಬಾರದು, ಎರಡು ಮೂರು ಸಣ್ಣ ಉಸಿರು ಸಾಕು. ಮೂಗು ದಣಿದರೆ ನಿಮ್ಮದೇ ತೋಳಿನ ಬಟ್ಟೆ ಮೂಸಿ, ಒಂದು ನಿಮಿಷ ಸುಮ್ಮನಿರಿ. ಬರೆದು ಮುಗಿಸುವ ತನಕ ಯಾರೂ ಮಾತಾಡಬಾರದು. ಮೇಜಿನ ಒಂದು ತುದಿಯಿಂದ ‘ಏಲಕ್ಕಿ’ ಎಂಬ ಮಾತು ಬಂದರೆ ಸಾಕು, ಎಲ್ಲರ ಮೂಗಿಗೂ ಏಲಕ್ಕಿಯೇ ಬರುತ್ತದೆ.

ಒಮ್ಮೆ ಗೆಳೆಯರೊಬ್ಬರ ತಾಯಿ ತೀರ್ಥಹಳ್ಳಿಯಿಂದ ಬಂದಿದ್ದರು. ಅವರು ಕುಡಿಯುವವರಲ್ಲ. ‘ಅಮ್ಮಾ, ವಾಸನೆ ಮಾತ್ರ ನೋಡಿ ಹೇಳಿ’ ಎಂದು ಗ್ಲಾಸ್ ಕೊಟ್ಟೆ. ಅವರು ಒಂದೇ ಉಸಿರಿಗೆ ‘ಕೊತ್ತಂಬರಿ ಇದೆ. ಹುರಿದದ್ದಲ್ಲ ಮಾರಾಯ, ಹಸೀದನ್ನೇ ಜಜ್ಜಿ ಹಾಕಿದಾರೆ’ ಎಂದರು. ಇಲ್ಲಿ ಕೊತ್ತಂಬರಿಯನ್ನು ಹುರಿಯದೆ ಜಜ್ಜಿ, ಕುದಿಯುವುದು ಮುಗಿಯುವ ಕೊನೆಯ ನಿಮಿಷಗಳಲ್ಲಿ ಹಾಕುವುದೇ ವಾಡಿಕೆ. ಪರೀಕ್ಷಕರ ತಂಡದಲ್ಲಿ ‘ಕೊತ್ತಂಬರಿ’ ಎಂದವರು ಸಿಗುತ್ತಾರೆ, ‘ಹುರಿದಿಲ್ಲ’ ಎಂಬಷ್ಟು ದೂರ ಹೋದವರನ್ನು ನಾನು ನೋಡಿದ್ದು ಕಡಿಮೆ. ಕುಡಿಯದವರ ಮೂಗನ್ನು ಕೂಟದಿಂದ ಹೊರಗಿಡಬೇಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

5. ಪ್ರತಿ ಮಸಾಲೆಯೂ ಬಾಯಲ್ಲಿ ತನ್ನದೇ ಜಾಗ ಹಿಡಿಯುತ್ತದೆ

ಮೂಗು ಗೊಂದಲಕ್ಕೆ ಬಿದ್ದಾಗ ಬಾಯಿಯನ್ನು ಕೇಳಬೇಕು. ಲವಂಗ ಜೋಮು ಹಿಡಿಸುತ್ತದೆ ಎಂದು ಆಗಲೇ ಹೇಳಿದೆ. ಚಕ್ಕೆ ನಾಲಿಗೆಯ ಮಧ್ಯಕ್ಕೆ ಬಿಸಿ ಕೊಟ್ಟು ಆಮೇಲೆ ಒಣಗಿಸುತ್ತದೆ. ಹೆಚ್ಚಾದರೆ ಮರ ಅಗಿದ ಹಾಗೆ ಒಗರು. ಶುಂಠಿಯ ಬಿಸಿ ಗಂಟಲಿಗೆ, ಅದೂ ನುಂಗಿದ ಮೇಲೆ. ಕಿತ್ತಳೆ ಸಿಪ್ಪೆ ಮೊದಲು ಮೂಗಿಗೆ ಬಂದು, ಸಿಪ್ಪೆಯೊಳಗಿನ ಬಿಳಿಭಾಗವನ್ನು ತೆಗೆಯದೆ ಹಾಕಿದ್ದರೆ, ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ಕಹಿಯಾಗಿ ನಿಲ್ಲುತ್ತದೆ. ಆ ಕಹಿಯನ್ನು ಹಾಪ್ಸಿನದೆಂದು ಬರೆಯುವವರು ಬಹಳ.

ಸೋಂಪು, ಚಕ್ರಮೊಗ್ಗು, ಜೇಷ್ಠಮಧು ಇವು ಮೂರನ್ನು ಬೇರೆ ಮಾಡುವುದು ಕಷ್ಟದ ಕೆಲಸ. ಸೋಂಪಿನಲ್ಲೂ ಚಕ್ರಮೊಗ್ಗಿನಲ್ಲೂ ಇರುವುದು ಅನೆಥಾಲ್ ಎಂಬ ಒಂದೇ ಕಂಪು. ಚಕ್ರಮೊಗ್ಗು ತುಸು ಒರಟು, ಬಿರಿಯಾನಿ ಪಾತ್ರೆಯ ಮುಚ್ಚಳ ತೆಗೆದಾಗಿನ ನೆನಪು ತರುವಂಥದ್ದು. ಜೇಷ್ಠಮಧುವಿನ ಗುರುತು ಮೂಗಿನಲ್ಲಿಲ್ಲ. ನುಂಗಿ ಒಂದಿಷ್ಟು ಹೊತ್ತಾದ ಮೇಲೂ ನಾಲಿಗೆಯ ಬದಿಗಳಲ್ಲಿ ಸಿಹಿ ಉಳಿದಿದ್ದರೆ, ಆ ಸಿಹಿಗೆ ಸಕ್ಕರೆಯ ಅಂಟು ಇಲ್ಲದಿದ್ದರೆ, ಜೇಷ್ಠಮಧು ಎಂದು ಹೇಳಬಹುದು. ‘ಗೌಡೆನ್ ಕರೋಲಸ್ ಕ್ರಿಸ್‌ಮಸ್’ ಕುಡಿದಾಗ ನನ್ನ ಬಾಯಲ್ಲಿ ಉಳಿಯುವುದು ಈ ಗುಂಪಿನ ಸಿಹಿಯೇ. ಅದು ಬಿಯರಿನ ಒಣದ್ರಾಕ್ಷಿ ಕಂಪಿನೊಳಗೆ ಕರಗಿರುವ ರೀತಿ ನನಗೆ ಬಹಳ ಇಷ್ಟ.

ಕೊತ್ತಂಬರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಯುರೋಪಿನ ಕೊತ್ತಂಬರಿ ಬೀಜ ಸಣ್ಣದು, ದುಂಡಗಿನದು. ಸುಗಂಧ ತೈಲ ಅದರಲ್ಲಿ ಹೆಚ್ಚು. ನಮ್ಮದು ದಪ್ಪ, ಉದ್ದುದ್ದ, ತೈಲ ಕಡಿಮೆ. ಬೆಲ್ಜಿಯಂನ ಪಾಕವಿಧಾನ ನೋಡಿ ಅದೇ ತೂಕದ ನಮ್ಮ ಕೊತ್ತಂಬರಿ ಹಾಕಿದರೆ ಅದೇ ರುಚಿ ಬರುವುದಿಲ್ಲ. ಅಳತೆ ಮೀರಿದರೆ ಎರಡೂ ಸಾಬೂನಿನ ವಾಸನೆ ಹೊಡೆಯುತ್ತವೆ.

ಏಲಕ್ಕಿ ಎಲ್ಲಕ್ಕಿಂತ ದಬ್ಬಾಳಿಕೆಯದು. ಒಂದು ಕಾಳು ಹೆಚ್ಚಾದರೂ ಮಾಲ್ಟ್, ಹಣ್ಣು, ಯೀಸ್ಟ್ ಎಲ್ಲವೂ ಹಿಂದೆ ಸರಿದು ಗ್ಲಾಸಿನಲ್ಲಿ ಪಾಯಸದ ವಾಸನೆ ಮಾತ್ರ ಉಳಿಯುತ್ತದೆ.

ಈ ನಾಡಿನಲ್ಲಿ ಬಿಯರಿಗೆ ಮಸಾಲೆ ಹಾಕುವ ರೂಢಿ ಇಷ್ಟು ಗಟ್ಟಿಯಾಗಿ ಉಳಿದದ್ದು ಹೇಗೆಂದು ಕೇಳುವವರಿಗೆ ಬ್ರೂಗ್ಸ್ ನಗರದ ಗ್ರೂಟ್‌ಹೌಸ ಅರಮನೆ ನೋಡಿಬನ್ನಿ ಎನ್ನುತ್ತೇನೆ. ಹಾಪ್ಸ್ ನೆಲೆಯೂರುವ ಮೊದಲು ಇಲ್ಲಿ ಬಿಯರಿಗೆ ಗ್ರೂಟ್ ಎಂಬ ಮೂಲಿಕೆಗಳ ಮಿಶ್ರಣ ಹಾಕುತ್ತಿದ್ದರು. ಆ ಗ್ರೂಟಿನ ಮೇಲಿನ ಹಕ್ಕು, ಸುಂಕ ಒಂದು ಮನೆತನದ ಕೈಯಲ್ಲಿತ್ತು. ಅವರ ಹೆಸರೂ ಸಿರಿಯೂ ಬಂದದ್ದು ಅದರಿಂದಲೇ; ಅರಮನೆ ಈಗ ವಸ್ತುಸಂಗ್ರಹಾಲಯ. ಬವೇರಿಯಾದಲ್ಲಿ 1516ರ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಬೀಳಬಾರದೆಂದಿತು. ಆ ಕಟ್ಟಳೆ ಫ್ಲಾಂಡರ್ಸ್‌ಗೆ ಅನ್ವಯಿಸಲಿಲ್ಲ. ಅದೇ ಶತಮಾನದ ಆರಂಭದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಮೆಣಸು ಲಿಸ್ಬನ್ ದಾರಿಯಾಗಿ ಆಂಟ್‌ವರ್ಪ್ ಬಂದರಿಗೆ ಬಂದು, ಅಲ್ಲಿಂದ ಉತ್ತರ ಯುರೋಪಿಗೆಲ್ಲ ಹಂಚಿಹೋಗುತ್ತಿತ್ತು. ಕ್ರಿಸ್‌ಮಸ್ ಬಿಯರಿನಲ್ಲಿ ಕಾಳುಮೆಣಸಿನ ಚುರುಕು ಸಿಕ್ಕಾಗ ಈ ದಾರಿ ನನಗೆ ನೆನಪಾಗುತ್ತದೆ.

6. ಹಣ್ಣಿನ ಸಿಹಿ ಹೋಗುತ್ತದೆ, ಹುಳಿ ಉಳಿಯುತ್ತದೆ

ಹಣ್ಣು ಹಾಕಿದ ಬಿಯರ್ ಎಂದರೆ ಹಣ್ಣಿನ ರಸದ ಹಾಗೆ ಸಿಹಿಯಾಗಿರಬೇಕೆಂದು ಹೊಸಬರು ಎಣಿಸುತ್ತಾರೆ. ಹುದುಗುವಾಗ ಹಾಕಿದ ಹಣ್ಣಿನ ಸಕ್ಕರೆಯೆಲ್ಲ ಯೀಸ್ಟಿನ ಹೊಟ್ಟೆ ಸೇರುತ್ತದೆ. ಉಳಿಯುವುದು ಹುಳಿ, ಸಿಪ್ಪೆಯ ಒಗರು, ಬಣ್ಣ, ಬೀಜದ ಕಂಪು. ಹುಳಿ ಚೆರಿಯನ್ನು ಬೀಜ ಸಮೇತ ಹಾಕಿದ್ದರೆ ಬಾದಾಮಿ ಎಸೆನ್ಸಿನ ವಾಸನೆ ಬರುತ್ತದೆ. ಬೀಜದಿಂದ ಬರುವ ಬೆಂಜಾಲ್ಡಿಹೈಡ್ ಅದಕ್ಕೆ ಕಾರಣ. ಚೆರಿ ನಿಜವಾಗಿಯೂ ಬಿಯರಿನೊಳಗೆ ಕೂತು ಮಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹುದುಗುವಿಕೆ ಮುಗಿದ ಮೇಲೆ ಹಣ್ಣಿನ ಪಾಕ ಅಥವಾ ಲಿಕ್ಯೂರ್ ಬೆರೆಸುವುದು ಇನ್ನೊಂದು ದಾರಿ. ‘ಕಾಸ್ಟೇಲ್ ರೂಜ್’ (ಶೇ. 8) ಅಂಥದ್ದು: ಶೇ. 11ರ ಗಾಢ ಬಿಯರಿಗೆ ಚೆರಿ ಲಿಕ್ಯೂರ್ ಬೆರೆಸಿದ್ದು. ಅದು ಸಿಹಿಯಾಗಿಯೇ ಇರಬೇಕಾದ ಬಿಯರ್, ಊಟದ ಕೊನೆಗೆ ಚೆನ್ನ. ಎರಡೂ ದಾರಿ ಸರಿಯೇ. ಆದರೆ ಮೊದಲನೆಯದನ್ನು ಎರಡನೆಯದರ ಅಳತೆಗೋಲಿನಿಂದ ಅಳೆದರೆ ಅನ್ಯಾಯವಾಗುತ್ತದೆ.

ಅನುಮಾನ ಬಂದಾಗ ಒಂದು ಉಪಾಯ ಮಾಡಿ. ಗ್ಲಾಸಿನಲ್ಲಿ ಒಂದಿಷ್ಟು ಬಿಯರ್ ಉಳಿಸಿ, ಗ್ಯಾಸೆಲ್ಲ ಹೋಗುವ ತನಕ ಬಿಟ್ಟು ಆಮೇಲೆ ನಾಲಿಗೆಗೆ ಹಾಕಿ. ಗ್ಯಾಸಿನ ಚುರುಕು ಹೋದ ಮೇಲೆ ಸಿಹಿ ಎಷ್ಟಿತ್ತು ಎಂಬುದು ಬಯಲಾಗುತ್ತದೆ. ತುಟಿಗೆ ತುಟಿ ಅಂಟಿದರೆ ಪಾಕ ಬೆರೆಸಿದ್ದಾರೆ.

7. ಅಳತೆ ತಪ್ಪಿದರೆ ರುಚಿನೋಟವೂ ಇಲ್ಲ

ಬೆಲ್ಜಿಯಂನಲ್ಲಿ 1919ರ ಕಾನೂನೊಂದು ಪಬ್ಬು, ಹೋಟೆಲುಗಳಲ್ಲಿ ಸ್ಪಿರಿಟ್ ಮಾರಾಟವನ್ನು ನಿಲ್ಲಿಸಿತು. ಗಟ್ಟಿ ಬಿಯರಿಗೆ ಬೇಡಿಕೆ ಏರಲು ಅದೂ ಒಂದು ಕಾರಣ. ಈ ಗಟ್ಟಿತನವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಶೇ. 10.5ರ 330 ಮಿ.ಲೀ. ಬಾಟಲಿಯಲ್ಲಿ ಸುಮಾರು 27 ಗ್ರಾಂ ಮದ್ಯಸಾರ ಇದೆ, ಸಾದಾ ಬಿಯರಿನ ಎರಡು ಬಾಟಲಿಗೆ ಸಮ. ಹಣ್ಣು, ಮಸಾಲೆಗಳ ಕಂಪು ಅದನ್ನು ಮರೆಸಿಬಿಡುತ್ತದೆ. ನನ್ನ ಕೂಟಗಳಲ್ಲಿ ಒಬ್ಬರಿಗೆ ಒಂದು ಬಿಯರಿನಿಂದ 60 ಮಿ.ಲೀ. ಮಾತ್ರ. ಅದರಲ್ಲಿ 5 ಗ್ರಾಂ ಮದ್ಯಸಾರ ಬಂತು. ಐದು ಬಿಯರ್ ಆದ ಮೇಲೆ ನಿಲ್ಲಿಸುತ್ತೇನೆ, ಯಾರೂ ಗಾಡಿ ತರಬಾರದು. ಬೆಲ್ಜಿಯಂನಲ್ಲಿ ಚಾಲಕರ ರಕ್ತದಲ್ಲಿ ಮದ್ಯಸಾರದ ಮಿತಿ ಲೀಟರಿಗೆ 0.5 ಗ್ರಾಂ. ಭಾರತದಲ್ಲಿ ಇನ್ನೂ ಬಿಗಿ: 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ.

ಸರದಿಯನ್ನೂ ಯೋಚಿಸಿ ಇಡಬೇಕು. ಮಸಾಲೆ ಇಲ್ಲದ್ದು ಮೊದಲು, ಕೊತ್ತಂಬರಿ, ಕಿತ್ತಳೆಯದು ನಡುವೆ, ಲವಂಗ, ಚಕ್ಕೆಯದು ಕೊನೆಗೆ. ಲವಂಗದಿಂದ ನಾಲಿಗೆ ಮರಗಟ್ಟಿದ ಮೇಲೆ ಬಂದ ಬಿಯರಿಗೆ ನ್ಯಾಯ ಸಿಗುವುದಿಲ್ಲ. ನಡುನಡುವೆ ಉಗುರುಬೆಚ್ಚಗಿನ ನೀರು, ಉಪ್ಪಿಲ್ಲದ ಬ್ರೆಡ್ಡು ಸಾಕು.

ಮದ್ಯಸಾರದ ಬಿಸಿ ಎದೆಗೆ ಹಿತವಾಗಿ ಇಳಿಯಬೇಕು. ಮೂಗಿನಲ್ಲಿ ಉಗುರುಬಣ್ಣ ಅಳಿಸುವ ದ್ರವದ ಘಾಟು ಬಂದರೆ ಹುದುಗುವ ತಾಪ ಕೈಮೀರಿತ್ತು ಎಂದರ್ಥ. ಎಷ್ಟು ಚಕ್ಕೆ ಹಾಕಿದರೂ ಆ ದೋಷ ಮುಚ್ಚುವುದಿಲ್ಲ.

8. ಮೆಂತ್ಯದ ವಾಸನೆ ಬಂದರೆ ವಯಸ್ಸು ಕೇಳಿ

ಗಟ್ಟಿ ಗಾಢ ಬಿಯರುಗಳನ್ನು ವರ್ಷಗಟ್ಟಲೆ ಇಟ್ಟು ಕುಡಿಯುವವರು ಇಲ್ಲಿ ಇದ್ದಾರೆ. ಹಾಗೆ ಇಟ್ಟ ಬಿಯರಿನಲ್ಲಿ ಸೋಟೊಲಾನ್ ಎಂಬ ವಸ್ತು ಕೂಡಿಕೊಳ್ಳುತ್ತದೆ. ಮೆಂತ್ಯದ ಕಾಳಿಗೆ ಅದರ ಗುರುತಿನ ವಾಸನೆ ಕೊಡುವುದೂ ಇದೇ ಸೋಟೊಲಾನ್. ಹಳೆಯ ಬಾಟಲಿ ಬಿಚ್ಚಿದಾಗ ನಮ್ಮವರು ‘ಸಾರಿನ ಪುಡಿ’, ‘ಮೆಂತ್ಯ’ ಎಂದು ಹೇಳುವುದುಂಟು. ಪಕ್ಕದಲ್ಲಿ ಕೂತ ಬೆಲ್ಜಿಯನ್ನರು ‘ಶೆರಿ ವೈನ್’ ಎನ್ನುತ್ತಾರೆ. ಇಬ್ಬರೂ ಒಂದೇ ವಸ್ತುವನ್ನು ಹಿಡಿದಿದ್ದಾರೆ. ಬ್ರೂವರಿಯವರು ಮೆಂತ್ಯ ಹಾಕಿದ್ದಾರೆಂದು ಮಾತ್ರ ಬರೆಯಬೇಡಿ.

ವಯಸ್ಸು ಒಳ್ಳೆಯದನ್ನೂ ಮಾಡುತ್ತದೆ, ಕೆಟ್ಟದ್ದನ್ನೂ ಮಾಡುತ್ತದೆ. ಅಂಜೂರ, ಖರ್ಜೂರ, ಮೆಂತ್ಯ ಒಳ್ಳೆಯ ಕಡೆಯವು. ಒದ್ದೆ ರಟ್ಟಿನ ವಾಸನೆ ಗಾಳಿ ತಾಗಿದ್ದರ ಗುರುತು. ಸೋಯಾ ಸಾಸಿನ ವಾಸನೆ ಬಂದರೆ ಬುಡದ ಯೀಸ್ಟ್ ಸತ್ತು ಕರಗುತ್ತಿದೆ. ನನ್ನ ಅನುಭವದಲ್ಲಿ ಮಸಾಲೆಗಳ ಪೈಕಿ ಮೊದಲು ಮಾಸುವುದು ಕಿತ್ತಳೆ, ಅದರ ಹಿಂದೆ ಕೊತ್ತಂಬರಿ. ಲವಂಗ, ಚಕ್ಕೆ ಬಹಳ ಕಾಲ ನಿಲ್ಲುತ್ತವೆ. ಹಾಗಾಗಿ ಹೊಸದಾಗಿದ್ದಾಗ ಹದವಾಗಿದ್ದ ಬಿಯರ್ ಮೂರು ವರ್ಷ ಕಳೆದ ಮೇಲೆ ಬರೀ ಲವಂಗವಾಗಿಬಿಡಬಹುದು. ಮಸಾಲೆ ಹಾಕಿದ್ದನ್ನು ಒಂದೆರಡು ಚಳಿಗಾಲದೊಳಗೆ ಕುಡಿದು ಮುಗಿಸಿ, ಮಸಾಲೆ ಇಲ್ಲದ ಮಠದ ಬಿಯರುಗಳನ್ನು ಕೂಡಿಡಿ. ಬಾಟಲಿ ನೆಟ್ಟಗೆ ನಿಂತಿರಲಿ, ಕತ್ತಲಿರಲಿ, ತಾಪ 10ರಿಂದ 15 ಡಿಗ್ರಿಯೊಳಗಿರಲಿ.

9. ಜೊತೆಗೆ ಏನು ತಿನ್ನುತ್ತೀರಿ ಎಂಬುದೂ ಪರೀಕ್ಷೆಯೇ

ಇಲ್ಲಿಯವರು ಇದೇ ಬಿಯರಿನಲ್ಲಿ ದನದ ಮಾಂಸ ಬೇಯಿಸುತ್ತಾರೆ, ಸಾಸಿವೆ ಹಚ್ಚಿದ ಬ್ರೆಡ್ಡನ್ನು ಅದರೊಳಗೆ ಕರಗಿಸುತ್ತಾರೆ. ಉಪ್ಪುಪ್ಪಾದ ನೀಲಿ ಗೆರೆಯ ಚೀಸ್ ಕೂಡ ಚೆನ್ನಾಗಿ ಹೊಂದುತ್ತದೆ. ನಮ್ಮ ಊಟಗಳಲ್ಲಿ ಮೆಣಸಿನಕಾಯಿಯ ಖಾರ ಇದ್ದದ್ದು ಬೇಡ. ಮದ್ಯಸಾರ ಆ ಉರಿಯನ್ನು ಹೆಚ್ಚಿಸುತ್ತದೆ, ಬಿಯರಿನ ಸೂಕ್ಷ್ಮವೆಲ್ಲ ಹೋಗುತ್ತದೆ. ಕಾಚಂಪುಳಿ, ಕಾಳುಮೆಣಸು ಹಾಕಿದ ಕೊಡಗಿನ ಪಂದಿಕರಿ ಮಾತ್ರ ಈ ಬಿಯರಿಗೆ ಎದುರು ನಿಂತು ಮಾತಾಡಬಲ್ಲದು. ಕಾಯಿ ಹೋಳಿಗೆ, ಬೆಂಗಳೂರಿನ ಬೇಕರಿಗಳ ಪ್ಲಮ್ ಕೇಕ್ ಕೂಡ ಸರಿ. ಕೇಕು ತಿಂದ ಮೇಲೆ ಬಿಯರಿನ ಸಿಹಿ ಹಿಂದೆ ಸರಿದು ಮಸಾಲೆ ಬಿಡಿಬಿಡಿಯಾಗಿ ಕೇಳಿಸತೊಡಗುತ್ತದೆ.

10. ತೀರ್ಪು ಕೊಡುವಾಗ ಒಂದೇ ಪ್ರಶ್ನೆ

ಮಸಾಲೆಯನ್ನು ಮನಸ್ಸಿನಲ್ಲೇ ತೆಗೆದು ನೋಡಿ, ಕೆಳಗೆ ಒಂದು ಒಳ್ಳೆಯ ಬಿಯರ್ ಉಳಿಯುತ್ತದೆಯೇ? ಉಳಿದರೆ ಮಸಾಲೆಗೆ ಅಲ್ಲಿ ಕೆಲಸವಿದೆ. ಉಳಿಯದಿದ್ದರೆ ಮಸಾಲೆಯ ಹೆಸರಿನಲ್ಲಿ ಏನನ್ನೋ ಮುಚ್ಚಿದ್ದಾರೆ. ಬಣ್ಣ, ನೊರೆ, ಘಮ ಎಲ್ಲಕ್ಕೂ ನಾನು ಅಂಕ ಕೊಡುತ್ತೇನೆ, ಆದರೆ ಈ ಪ್ರಶ್ನೆಯಲ್ಲಿ ಸೋತದ್ದನ್ನು ಮೇಲೆತ್ತುವುದಿಲ್ಲ.

ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಈಗ ಒಳ್ಳೆಯ ಕೆಲಸ ನಡೆಯುತ್ತಿದೆ. ಸಕಲೇಶಪುರದ ಏಲಕ್ಕಿ, ಕೊಡಗಿನ ಕಿತ್ತಳೆ ಮತ್ತು ಮೆಣಸು, ಶಿರಸಿ ಕಡೆಯ ಜೋನಿಬೆಲ್ಲ ಎಲ್ಲವೂ ಅವರ ಕೈಯಳತೆಯಲ್ಲಿವೆ. ಬೆಲ್ಜಿಯಂನವರು ಸಮುದ್ರದಾಚೆಯಿಂದ ತರಿಸಿಕೊಂಡದ್ದು ಇವರಿಗೆ ಬುಟ್ಟಿಯಲ್ಲಿ ಬರುತ್ತದೆ. ಅಲ್ಲಿನ ಬ್ರೂವರುಗಳಲ್ಲಿ ನನ್ನ ಕೇಳಿಕೆ ಇಷ್ಟು: ಮಸಾಲೆ ಹಾಕುವ ಮೊದಲು ಮಸಾಲೆ ಇಲ್ಲದ ಬಿಯರನ್ನು ಕುಡಿಯುವ ಹಾಗೆ ಮಾಡಿ. ಆಮೇಲೆ ಏಲಕ್ಕಿಯನ್ನು ನಿಮಗೆ ಸಾಕೆನಿಸಿದ್ದಕ್ಕಿಂತ ಕಡಿಮೆ ಹಾಕಿ. ಮತ್ತು ಏನೇನು ಹಾಕಿದ್ದೀರಿ ಎಂಬುದನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ, ಒಂದೊಂದರ ಹೆಸರು ಹಿಡಿದು ಬರೆಯಿರಿ.